ಬೆಟ್ಟದ ಕಾಡಿಗಾಗಿ ದುಡಿದ ವೈದ್ಯ – ಹ್ಯೂ ಕ್ಲೆಗ್‌ಹಾರ್ನ್

ಮಕ್ಕಳೇ, ಸಿರುಗುಪ್ಪದ ಭತ್ತದ ಗದ್ದೆಗಳಿಗೆ ನೀರು ಎಲ್ಲಿಂದ ಬರುತ್ತದೆ? ತುಂಗಭದ್ರೆಯಿಂದ ಎಂದು ನೀವು ಥಟ್ಟನೆ ಹೇಳುತ್ತೀರಿ. ತುಂಗಾ ಮತ್ತು ಭದ್ರಾ ನದಿಗಳು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿ, ಶಿವಮೊಗ್ಗ ಜಿಲ್ಲೆಯ ಕೂಡಲಿಯಲ್ಲಿ ಒಂದಾಗುತ್ತವೆ. ಹಾಗಾದರೆ ಅಲ್ಲಿನ ಬೆಟ್ಟದ ಕಾಡು ಹಾಳಾದರೆ ಇಲ್ಲಿನ ರೈತರಿಗೆ ಏನಾಗುತ್ತದೆ? ಕಾಡಿಗೂ ನೀರಿಗೂ ಇರುವ ಈ ನಂಟಿನ ಬಗ್ಗೆ ಸುಮಾರು 175 ವರ್ಷಗಳ ಹಿಂದೆಯೇ ಯೋಚಿಸಿದವರು ಹ್ಯೂ ಕ್ಲೆಗ್‌ಹಾರ್ನ್.

ಇವರು ಹುಟ್ಟಿದ್ದು 1820ರಲ್ಲಿ, ಮದರಾಸಿನಲ್ಲಿ. ಬೆಳೆದದ್ದು ಸ್ಕಾಟ್ಲೆಂಡಿನಲ್ಲಿ. ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರ ಓದಿ 1842ರಲ್ಲಿ ಮತ್ತೆ ಮದರಾಸಿಗೆ ಬಂದರು. ಮುಂದೆ ಶಿವಮೊಗ್ಗದಲ್ಲಿ ಕೆಲಸ ಮಾಡುವಾಗ ದಿನಕ್ಕೊಂದು ಗಿಡವನ್ನು ಗಮನವಿಟ್ಟು ನೋಡುವ ಅಭ್ಯಾಸ ಮಾಡಿಕೊಂಡರು. ಸ್ಥಳೀಯ ಕಲಾವಿದರಿಂದ ಅವುಗಳ ಚಿತ್ರ ಬರೆಸಿದರು. ಮರಗಳನ್ನು ಮಿತಿಯಿಲ್ಲದೆ ಕಡಿಯುತ್ತಿದ್ದುದನ್ನೂ ಅಲ್ಲಿ ಕಂಡರು.

ಕಾಯಿಲೆಯಿಂದಾಗಿ 1848ರಲ್ಲಿ ಬ್ರಿಟನ್ನಿಗೆ ಮರಳಿದರು. ಉಷ್ಣವಲಯದ ಕಾಡುಗಳ ನಾಶದಿಂದಾಗುವ ಪರಿಣಾಮ ಕುರಿತ ವರದಿಯನ್ನು 1851ರಲ್ಲಿ ಅಲ್ಲಿನ ವಿಜ್ಞಾನಿಗಳ ಸಭೆಗೆ ಒಪ್ಪಿಸಿದರು. 1856ರಲ್ಲಿ ಮದರಾಸು ಪ್ರಾಂತ್ಯದ ಅರಣ್ಯ ಸಂರಕ್ಷಣಾಧಿಕಾರಿಯಾದರು. ಆಗ ನಮ್ಮ ಬಳ್ಳಾರಿಯೂ ಆ ಪ್ರಾಂತ್ಯದಲ್ಲೇ ಇತ್ತು. ಹಡಗಿಗೆ, ರೈಲು ಹಳಿಗಳ ಕೆಳಗಿನ ದಿಮ್ಮಿಗೆ ಮರಗಳು ಉರುಳುತ್ತಿದ್ದ ಕಾಲವದು. ಕಡಿತಕ್ಕೆ ನಿಯಮ ತರಲು ಅವರು ಶ್ರಮಿಸಿದರು. 1895ರಲ್ಲಿ ಸ್ಕಾಟ್ಲೆಂಡಿನಲ್ಲಿ ತೀರಿಕೊಂಡರು.

ಅವರ ಕೆಲಸಕ್ಕೆ ಇನ್ನೊಂದು ಮುಖವೂ ಇದೆ. ಬೆಟ್ಟದ ಜನ ಕಾಡಿನ ಒಂದು ಭಾಗವನ್ನು ಕಡಿದು ಸುಟ್ಟು ಬೆಳೆ ತೆಗೆಯುತ್ತಿದ್ದರು. ಇದೇ ಕುಮರಿ ಬೇಸಾಯ. ಇದರ ಮೇಲೆ ಸರ್ಕಾರ ನಿರ್ಬಂಧ ಹಾಕಿತು. ಕ್ಲೆಗ್‌ಹಾರ್ನ್ ಕೂಡ ಕುಮರಿಯನ್ನು ವಿರೋಧಿಸಿದ್ದರು. ಆದರೆ ಅದನ್ನೇ ನಂಬಿದ್ದ ಬಡವರ ಬದುಕು ಕಷ್ಟವಾಯಿತು. ಕಾಡು ಉಳಿಸುವಾಗ ಅಲ್ಲಿನ ಜನರನ್ನು ಜೊತೆಗೆ ಸೇರಿಸಿಕೊಳ್ಳಬೇಕೆಂಬ ತಿಳಿವಳಿಕೆ ಬರಲು ಬಹಳ ಕಾಲ ಹಿಡಿಯಿತು.

ಕಾಡಿನ ನೆಲ ಸ್ಪಂಜಿನಂತೆ. ತರಗೆಲೆ ಮಳೆಹನಿಯ ಹೊಡೆತ ತಡೆಯುತ್ತದೆ, ಬೇರು ಮಣ್ಣನ್ನು ಹಿಡಿದಿಡುತ್ತದೆ, ನೀರು ನಿಧಾನವಾಗಿ ಇಂಗುತ್ತದೆ. ಬೋಳು ಬೆಟ್ಟದಲ್ಲಿ ನೀರು ಮಣ್ಣನ್ನೂ ಕೊಚ್ಚಿಕೊಂಡು ಓಡುತ್ತದೆ. ತುಂಗಭದ್ರಾ ಜಲಾಶಯ ಮೊದಲು ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಅದು ಸುಮಾರು 105ಕ್ಕೆ ಇಳಿದಿದೆ. ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ! ಹವಾಮಾನ ಬದಲಾವಣೆಯಿಂದ ಒಮ್ಮೆಲೇ ಜೋರು ಮಳೆ, ಆಮೇಲೆ ದೀರ್ಘ ಒಣಹವೆ ಹೆಚ್ಚುತ್ತಿದೆ. ಆದ್ದರಿಂದ ನೀರು ಇಂಗಿಸುವ ಬೆಟ್ಟ ರೈತರಿಗೆ ಮೊದಲಿಗಿಂತ ಹೆಚ್ಚು ಬೇಕು.

ನಮ್ಮ ಸಂಡೂರಿನ ಬೆಟ್ಟಗಳೂ ಗಣಿಗಾರಿಕೆಯಿಂದ ಗಾಯಗೊಂಡಿವೆ. 2011ರಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಬಳಿಕ ಬೆಟ್ಟವನ್ನು ಸರಿಪಡಿಸುವ ಯೋಜನೆಯ ಷರತ್ತಿನೊಂದಿಗೆ ಅನುಮತಿ ಕೊಟ್ಟಿತು. ಗಣಿಮಣ್ಣಿನ ರಾಶಿಗೆ ತಡೆಗೋಡೆ, ಹಳ್ಳಕ್ಕೆ ಚೆಕ್ ಡ್ಯಾಂ, ಇಳಿಜಾರಿಗೆ ಹುಲ್ಲು ಮತ್ತು ಗಿಡ, ಇವು ಅಂಥ ಕೆಲಸಗಳು. ಕಡಿಯಲು ಒಂದು ದಿನ ಸಾಕು. ಕಾಡು ಮರಳಲು ಹತ್ತಾರು ವರ್ಷ ಬೇಕು.

ಮಾಡಿ ನೋಡಿ: ಎರಡು ಪ್ಲಾಸ್ಟಿಕ್ ಬಾಟಲಿಗಳನ್ನು ಶಿಕ್ಷಕರ ಸಹಾಯದಿಂದ ಉದ್ದಕ್ಕೆ ಕತ್ತರಿಸಿ. ಒಂದರಲ್ಲಿ ಬರೀ ಮಣ್ಣು, ಇನ್ನೊಂದರಲ್ಲಿ ಬೇರುಸಹಿತ ಹುಲ್ಲಿರುವ ಮಣ್ಣು ತುಂಬಿ. ಎರಡನ್ನೂ ಒಂದೇ ರೀತಿ ಓರೆಯಾಗಿಟ್ಟು ತಲಾ ಒಂದು ಲೋಟ ನೀರು ಸುರಿಯಿರಿ. ಬಾಯಿಂದ ಹೊರಬಂದ ನೀರನ್ನು ಹಿಡಿದು ಬಣ್ಣ ಹೋಲಿಸಿ. ಮಳೆಗಾಲದಲ್ಲಿ ಕುರುಗೋಡಿನ ಗುಡ್ಡದ ಬುಡದಲ್ಲಿ ಹರಿಯುವ ನೀರು ಇವೆರಡರಲ್ಲಿ ಯಾವುದನ್ನು ಹೋಲುತ್ತದೆ? ನೋಡಿ, ಬರೆದಿಡಿ.