ಉಸಿರನ್ನು ಚೀಲದಲ್ಲಿ ಹಿಡಿದ ವಿಜ್ಞಾನಿ ಎ. ವಿ. ಹಿಲ್

ಓಡಬೇಕು, ಆಡಬೇಕು, ದಿನಕ್ಕೊಮ್ಮೆ ಮೈ ಬೆವರಬೇಕು ಎಂದು ಹಿರಿಯರು ನಮಗೆ ಹೇಳುತ್ತಲೇ ಬಂದಿದ್ದಾರೆ. ಗರಡಿಮನೆಯ ಉಸ್ತಾದರೂ ಇದನ್ನೇ ಹೇಳುತ್ತಿದ್ದರು, ಊರ ಪಂಡಿತರೂ ಇದನ್ನೇ ಹೇಳುತ್ತಿದ್ದರು. ಆದರೆ ಮನುಷ್ಯ ಓಡುವಾಗ ಅವನ ಶರೀರದೊಳಗೆ ಏನು ನಡೆಯುತ್ತದೆ, ಎಷ್ಟರ ಮಟ್ಟಿಗೆ ನಡೆಯುತ್ತದೆ ಎಂದು ಅಳೆದು ನೋಡಿದವರು ನೂರು ವರ್ಷಗಳ ಹಿಂದೆ ಕೆಲವರೇ. ಅವರಲ್ಲಿ ಇಂಗ್ಲೆಂಡಿನ ಆರ್ಚಿಬಾಲ್ಡ್ ವಿವಿಯನ್ ಹಿಲ್ ಪ್ರಮುಖರು. ಈ ಉದ್ದನೆಯ ಹೆಸರು ಅವರಿಗೇ ಹಿಡಿಸುತ್ತಿರಲಿಲ್ಲವಂತೆ. ಎಲ್ಲರೂ ಅವರನ್ನು ಎ. ವಿ. ಎಂದೇ ಕರೆಯುತ್ತಿದ್ದರು.

ಹಿಲ್ 1886ರ ಸೆಪ್ಟೆಂಬರ್ 26ರಂದು ಬ್ರಿಸ್ಟಲ್ ನಗರದಲ್ಲಿ ಜನಿಸಿದರು. ಅವರು ಮೂರು ವರ್ಷದ ಮಗುವಾಗಿದ್ದಾಗಲೇ ತಂದೆ ಸಂಸಾರವನ್ನು ಬಿಟ್ಟು ಹೋದರು. ತಾಯಿ ಒಬ್ಬರೇ ಮಕ್ಕಳನ್ನು ಸಾಕಿದರು. ಮೊದಲ ಪಾಠಗಳನ್ನು ಹೇಳಿಕೊಟ್ಟವರೂ ಅವರೇ. ಮುಂದಿನ ಓದೆಲ್ಲ ವಿದ್ಯಾರ್ಥಿವೇತನದ ಬಲದಿಂದ ನಡೆಯಿತು. ಕೇಂಬ್ರಿಡ್ಜಿನಲ್ಲಿ ಗಣಿತವನ್ನು ಓದಿ ಅಲ್ಲಿನ ಕಠಿಣ ಪರೀಕ್ಷೆಯಲ್ಲಿ ಮೂರನೆಯವರಾಗಿ ತೇರ್ಗಡೆಯಾದರು. ಆದರೆ ಅವರ ಮನಸ್ಸು ಜೀವಿಗಳ ಕಡೆಗೆ ಎಳೆಯುತ್ತಿತ್ತು. ಗುರುಗಳಾದ ವಾಲ್ಟರ್ ಫ್ಲೆಚರ್ ಅವರ ಪ್ರೋತ್ಸಾಹದಿಂದ ಗಣಿತವನ್ನು ಬಿಟ್ಟು ಶರೀರಶಾಸ್ತ್ರಕ್ಕೆ ಬಂದರು. ಬಿಟ್ಟರು ಎಂದೆನಾದರೂ ಗಣಿತ ಅವರನ್ನು ಬಿಡಲಿಲ್ಲ. ಅಳೆಯದೆ ಯಾವುದನ್ನೂ ನಂಬದ ಸ್ವಭಾವ ಕೊನೆಯವರೆಗೂ ಉಳಿಯಿತು.

ಮೊದಲು ಅವರು ಕೈಗೆತ್ತಿಕೊಂಡದ್ದು ಕಪ್ಪೆಯ ಕಾಲಿನ ಸ್ನಾಯುವನ್ನು. ಸ್ನಾಯು ಒಮ್ಮೆ ಸಂಕುಚಿಸಿದಾಗ ಹುಟ್ಟುವ ಶಾಖ ಅತ್ಯಲ್ಪ, ಒಂದು ಡಿಗ್ರಿಯ ಸಾವಿರದ ಕೆಲವೇ ಭಾಗಗಳಷ್ಟು. ಅದನ್ನು ಅಳೆಯಬಲ್ಲ ಸೂಕ್ಷ್ಮ ಉಪಕರಣಗಳಿಂದ ಹಿಲ್ ಒಂದು ವಿಚಿತ್ರವನ್ನು ಕಂಡರು. ಶಾಖ ಎರಡು ಸಲ ಹುಟ್ಟುತ್ತದೆ. ಸ್ನಾಯು ಎಳೆದುಕೊಳ್ಳುವಾಗ ಒಂದು ಸಲ. ಇದಕ್ಕೆ ಆಮ್ಲಜನಕ ಬೇಕಿಲ್ಲ. ಕೆಲಸ ಮುಗಿದು ಸ್ನಾಯು ಸುಮ್ಮನಿರುವಾಗ ನಿಧಾನವಾಗಿ ಇನ್ನೊಂದು ಸಲ. ಇದಕ್ಕೆ ಆಮ್ಲಜನಕ ಬೇಕೇ ಬೇಕು. ಈ ಸಂಶೋಧನೆಗಾಗಿ 1922ನೆಯ ವರ್ಷದ ನೊಬೆಲ್ ಪ್ರಶಸ್ತಿಯನ್ನು ಹಿಲ್ ಮತ್ತು ಜರ್ಮನಿಯ ಓಟೊ ಮೈಯರ್‌ಹೋಫ್ ಅವರಿಗೆ ಹಂಚಿಕೊಟ್ಟರು.

ಕಪ್ಪೆಯಲ್ಲಿ ಕಂಡದ್ದು ಮನುಷ್ಯನಲ್ಲೂ ನಿಜವೇ? ಇದನ್ನು ತಿಳಿಯಲು ಹಿಲ್ ತಮ್ಮ ಶರೀರವನ್ನೇ ಪ್ರಯೋಗಕ್ಕೆ ಒಡ್ಡಿದರು. ವಿದ್ಯಾರ್ಥಿಯಾಗಿದ್ದಾಗಲೇ ಅವರು ಒಳ್ಳೆಯ ಓಟಗಾರ. 1920ರಲ್ಲಿ ಮ್ಯಾಂಚೆಸ್ಟರಿಗೆ ಪ್ರಾಧ್ಯಾಪಕರಾಗಿ ಬಂದ ಮೇಲೆ ಹಾರ್ಟ್ಲಿ ಲಪ್ಟನ್ ಎಂಬ ಸಹೋದ್ಯೋಗಿಯೊಡನೆ ಹುಲ್ಲಿನ ಮೇಲೆ 85 ಮೀಟರ್ ಸುತ್ತಳತೆಯ ಓಟದ ದಾರಿಯೊಂದನ್ನು ಗೊತ್ತುಮಾಡಿದರು. ಬೆನ್ನಿಗೆ ದೊಡ್ಡ ಚೀಲ, ಬಾಯಿಗೆ ಕೊಳವೆ, ಮೂಗಿಗೆ ಚಿಮಟ. ಒಳಗೆಳೆದುಕೊಳ್ಳುವುದು ಹೊರಗಿನ ಗಾಳಿ, ಬಿಟ್ಟ ಉಸಿರೆಲ್ಲ ಚೀಲಕ್ಕೆ. ಹೀಗೆ ಸುತ್ತು ಸುತ್ತು ಓಡಿ, ಚೀಲದ ಗಾಳಿಯನ್ನು ಪರೀಕ್ಷಿಸಿ, ಶರೀರ ಎಷ್ಟು ಆಮ್ಲಜನಕವನ್ನು ಬಳಸಿತೆಂದು ಲೆಕ್ಕ ಹಾಕುತ್ತಿದ್ದರು. ಮೂವತ್ತೈದು ದಾಟಿದ ಪ್ರಾಧ್ಯಾಪಕರು ಇಂಥ ವೇಷದಲ್ಲಿ ಓಡುವುದನ್ನು ಕಂಡವರು ಏನೆಂದುಕೊಂಡರೋ!

ಫಲಿತಾಂಶ ಮಾತ್ರ ನಗುವಂಥದಲ್ಲ. ಸುಮ್ಮನೆ ಕುಳಿತಿರುವ ಮನುಷ್ಯನಿಗೆ ನಿಮಿಷಕ್ಕೆ ಸುಮಾರು ಕಾಲು ಲೀಟರ್ ಆಮ್ಲಜನಕ ಸಾಕು. ಓಟದ ವೇಗ ಹೆಚ್ಚಿದಂತೆ ಅದು ಏರುತ್ತ ಹೋಗಿ, ಹಿಲ್ ಅವರಲ್ಲಿ ನಿಮಿಷಕ್ಕೆ 4 ಲೀಟರಿಗೆ ಸ್ವಲ್ಪ ಮೇಲೆ ಬಂದು ನಿಂತುಬಿಟ್ಟಿತು. ಇನ್ನೂ ಜೋರಾಗಿ ಓಡಿದರೂ ಅದಕ್ಕಿಂತ ಏರಲಿಲ್ಲ. ಅಂದರೆ ಹೃದಯ ಮತ್ತು ಶ್ವಾಸಕೋಶಗಳು ಒದಗಿಸಬಲ್ಲ ಆಮ್ಲಜನಕಕ್ಕೆ ಒಂದು ಮೇಲ್ಮಿತಿ ಇದೆ.

ಹಾಗಾದರೆ ಮಿತಿಯನ್ನು ಮೀರಿ ಓಡುವಾಗ ಶಕ್ತಿ ಎಲ್ಲಿಂದ ಬರುತ್ತದೆ? ನಮ್ಮ ಕ್ರೀಡಾದಿನದಂದು 400 ಮೀಟರ್ ಓಡಿ ಬಂದವರನ್ನು ನೋಡಿದ್ದೀರಿ. ಓಟ ಮುಗಿದು ನಿಂತ ಮೇಲೂ ಬಹಳ ಹೊತ್ತು ಏದುಸಿರು ಬಿಡುತ್ತಾರೆ. ತಿಂಗಳ ಕೊನೆಗೆ ಅಂಗಡಿಯಲ್ಲಿ ಕಡ ಹೇಳಿ ಅಕ್ಕಿಬೇಳೆ ತಂದು, ಸಂಬಳ ಬಂದ ಮೇಲೆ ತೀರಿಸುವ ಹಾಗೆ ಇದು. ಸ್ನಾಯುಗಳು ಸಾಲ ಮಾಡಿ ದುಡಿಯುತ್ತವೆ, ಏದುಸಿರು ಆ ಸಾಲವನ್ನು ತೀರಿಸುತ್ತದೆ. ಹಿಲ್ ಇದಕ್ಕೆ ಆಮ್ಲಜನಕದ ಸಾಲ ಎಂದೇ ಹೆಸರಿಟ್ಟರು. ಏದುಸಿರಿಗೆ ಮೈ ಕಾವೇರುವುದೇ ಮೊದಲಾದ ಬೇರೆ ಕಾರಣಗಳೂ ಇವೆ ಎಂದು ಆಮೇಲಿನವರು ಕಂಡುಕೊಂಡರು.

ಅವರ ಬಾಳಿನಲ್ಲಿ ನನಗೆ ದೊಡ್ಡದಾಗಿ ಕಾಣುವ ಘಟನೆ ಇನ್ನೊಂದು. ಸ್ನಾಯು ಸಂಕುಚಿಸಲು ಲ್ಯಾಕ್ಟಿಕ್ ಆಮ್ಲವೇ ಕಾರಣವೆಂದು ಹಿಲ್ ಮತ್ತು ಮೈಯರ್‌ಹೋಫ್ ನಂಬಿದ್ದರು. 1930ರಲ್ಲಿ ಕೋಪನ್‌ಹೇಗನ್ನಿನ ಐನಾರ್ ಲುಂಡ್ಸ್‌ಗಾರ್ಡ್ ಎಂಬ ತರುಣ, ಲ್ಯಾಕ್ಟಿಕ್ ಆಮ್ಲ ಒಂದಿಷ್ಟೂ ಹುಟ್ಟದಂತೆ ಮಾಡಿದ ಸ್ನಾಯುವೂ ಸಂಕುಚಿಸುತ್ತದೆ ಎಂದು ತೋರಿಸಿಬಿಟ್ಟರು. ನೊಬೆಲ್ ಪಡೆದವರು ಹಟ ಹಿಡಿಯಬಹುದಿತ್ತು. ಹಿಲ್ ಹಿಡಿಯಲಿಲ್ಲ. 1932ರಲ್ಲಿ ದೀರ್ಘ ಲೇಖನವೊಂದನ್ನು ಬರೆದು, ಸ್ನಾಯುವಿನ ಶಾಸ್ತ್ರದಲ್ಲಿ ಕ್ರಾಂತಿಯೇ ಆಗಿದೆಯೆಂದು ತಾವೇ ಸಾರಿದರು.

ಸಿದ್ಧಾಂತ ಬಿದ್ದರೂ ಅಳತೆ ಉಳಿಯಿತು. ಹೃದಯ, ಶ್ವಾಸಕೋಶಗಳ ಸಾಮರ್ಥ್ಯವನ್ನು ತಿಳಿಯಲು ವೈದ್ಯರಿಗೆ ಆ ಆಮ್ಲಜನಕದ ಮೇಲ್ಮಿತಿಯೇ ಉತ್ತಮ ಮಾನದಂಡವಾಯಿತು. ನಿತ್ಯ ವ್ಯಾಯಾಮದಿಂದ ಅದನ್ನು ಹೆಚ್ಚಿಸಿಕೊಳ್ಳಬಹುದು. 1989ರಲ್ಲಿ ಅಮೆರಿಕದ ಸ್ಟೀವನ್ ಬ್ಲೇರ್ ಮತ್ತು ಸಂಗಡಿಗರು 13,000ಕ್ಕೂ ಹೆಚ್ಚು ಸ್ತ್ರೀಪುರುಷರನ್ನು ಯಂತ್ರದ ಪಟ್ಟಿಯ ಮೇಲೆ ನಡೆಸಿ ಪರೀಕ್ಷಿಸಿ, ಎಂಟು ವರ್ಷಗಳಿಗೂ ಮಿಕ್ಕಿ ಅವರ ಯೋಗಕ್ಷೇಮವನ್ನು ಗಮನಿಸಿದ ವರದಿ ಬಂತು. ತೀರ ಕಡಿಮೆ ಸಾಮರ್ಥ್ಯದವರಲ್ಲಿ ಸಾವಿನ ಪ್ರಮಾಣ, ಉತ್ತಮ ಸಾಮರ್ಥ್ಯದವರ ಪ್ರಮಾಣದ ಮೂರು ಪಟ್ಟಿಗಿಂತ ಹೆಚ್ಚಾಗಿತ್ತು. ನಾಡಿ, ರಕ್ತದೊತ್ತಡಗಳ ಹಾಗೆ ಈ ಸಾಮರ್ಥ್ಯವನ್ನೂ ರೋಗಿಗಳಲ್ಲಿ ನೋಡಬೇಕೆಂದು 2016ರಲ್ಲಿ ಅಮೆರಿಕದ ಹೃದ್ರೋಗ ತಜ್ಞರ ಸಂಘ ಸೂಚಿಸಿತು.

ಹಿಲ್ ಪ್ರಯೋಗಶಾಲೆಯಲ್ಲೇ ಬಾಗಿಲು ಹಾಕಿಕೊಂಡು ಕುಳಿತವರಲ್ಲ. 1933ರಲ್ಲಿ ಹಿಟ್ಲರನ ಆಡಳಿತ ಯೆಹೂದಿ ವಿದ್ವಾಂಸರನ್ನು ಕೆಲಸದಿಂದ ಹೊರಹಾಕತೊಡಗಿದಾಗ, ಅವರಿಗೆ ಆಸರೆ ಒದಗಿಸುವ ಸಂಸ್ಥೆಯನ್ನು ಕಟ್ಟಿದವರಲ್ಲಿ ಇವರೂ ಒಬ್ಬರು. ಹಾಗೆ 1935ರಲ್ಲಿ ಲಂಡನ್ನಿಗೆ ಬಂದು ಇವರ ಪ್ರಯೋಗಶಾಲೆ ಸೇರಿದ ಬರ್ನಾರ್ಡ್ ಕಾಟ್ಜ್ 1970ರಲ್ಲಿ ತಾವೂ ನೊಬೆಲ್ ಪಡೆದರು.

ನಮ್ಮ ದೇಶಕ್ಕೂ ಹಿಲ್ ಬಂದಿದ್ದರು. 1943ರ ಕೊನೆಯಿಂದ 1944ರವರೆಗೆ ಕೆಲವು ತಿಂಗಳು ಭಾರತದಲ್ಲಿ ಸಂಚರಿಸಿ, ಇಲ್ಲಿನ ವಿಜ್ಞಾನದ ಸ್ಥಿತಿಗತಿಯನ್ನು ಕುರಿತು ಸರಕಾರಕ್ಕೆ ವರದಿ ಕೊಟ್ಟರು. ಇಡೀ ಭಾರತಕ್ಕೆ ಮಾದರಿಯಾದ ಒಂದು ದೊಡ್ಡ ವೈದ್ಯಕೀಯ ಕೇಂದ್ರ ಬೇಕೆಂಬುದು ಅದರಲ್ಲಿನ ಸಲಹೆಗಳಲ್ಲೊಂದು. ಭೋರ್ ಸಮಿತಿಯೂ 1946ರಲ್ಲಿ ಅದನ್ನೇ ಹೇಳಿತು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 1956ರಲ್ಲಿ ಸ್ಥಾಪನೆಯಾಯಿತು.

ಹಿಲ್ 1977ರ ಜೂನ್ 3ರಂದು ಕೇಂಬ್ರಿಡ್ಜಿನಲ್ಲಿ ತೀರಿಕೊಂಡರು. ಆಗ ಅವರಿಗೆ ತೊಂಬತ್ತು ವರ್ಷ.