ಪಂಡಿತಾ ರಮಾಬಾಯಿಯವರು

ಯಲಹಂಕ, ಹೆಬ್ಬಾಳ, ಯಶವಂತಪುರಗಳ ಕಡೆಯ ನಮ್ಮ ಬಾಲಕಿಯರಲ್ಲಿ ಅನೇಕರು ಪಂಡಿತಾ ರಮಾಬಾಯಿಯವರನ್ನು ಮಹಾರಾಷ್ಟ್ರ ದೇಶದವರೆಂದೇ ಎಣಿಸಿರುವರು. ಮನೆಮಾತಿನಿಂದ ಅದು ಸತ್ಯವೇ. ಆದರೆ ಅವರು ಜನಿಸಿದುದು ನಮ್ಮ ಕನ್ನಡನಾಡಿನ ಸಹ್ಯಾದ್ರಿಯಲ್ಲಿ, ಗಂಗಾಮೂಲವೆಂಬ ಅರಣ್ಯದಲ್ಲಿ, 1858ನೆಯ ಇಸವಿ ಏಪ್ರಿಲ್ 23ನೆಯ ತಾರೀಖಿನಲ್ಲಿ. ತಂದೆಯವರಾದ ಅನಂತಶಾಸ್ತ್ರಿ ಡೋಂಗರೆಯವರು ಪತ್ನಿಗೆ ಸಂಸ್ಕೃತವನ್ನು ಕಲಿಸಿದ ಅಪರಾಧಕ್ಕಾಗಿ ಸ್ವಜನರ ನಿಂದೆಗೆ ಗುರಿಯಾಗಿ ಕಾಡಿನಲ್ಲಿ ಮನೆಮಾಡಿದ್ದರು. ತಾಯಿ ಲಕ್ಷ್ಮೀಬಾಯಿಯು ಬೆಳಗಿನ ಜಾವದಲ್ಲಿ ಮಗುವನ್ನೆಬ್ಬಿಸಿ, ತಾವು ಕಲಿತುದನ್ನು ಬಾಯಿಪಾಠ ಮಾಡಿಸುತ್ತಿದ್ದರು.

ಬಳಿಕ ಈ ಕುಟುಂಬವು ಪುರಾಣ ಓದುತ್ತ ಕ್ಷೇತ್ರದಿಂದ ಕ್ಷೇತ್ರಕ್ಕೆ ಅಲೆಯಿತು. 1874ರ ಸುಮಾರಿಗೆ ಕ್ಷಾಮದಲ್ಲಿ ತಂದೆ, ತಾಯಿ, ಅಕ್ಕ ಮೂವರೂ ತೀರಿಕೊಂಡರು. ಅಣ್ಣನೊಡನೆ ಬಹುದೂರ ಕಾಲುನಡಿಗೆಯಿಂದಲೇ ಸಂಚರಿಸಿ 1878ರಲ್ಲಿ ಕಲಕತ್ತೆಯನ್ನು ಸೇರಿದಾಗ ಅಲ್ಲಿಯ ವಿದ್ವಾಂಸರು ಈ ಇಪ್ಪತ್ತು ವರ್ಷದ ಕನ್ಯೆಗೆ ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನಿತ್ತರು. ಅಣ್ಣನ ಮರಣಾನಂತರ, 1880ರಲ್ಲಿ, ಅನ್ಯಜಾತಿಯವರಾದ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ವರಿಸಿದರು. ಎರಡು ವರ್ಷವೂ ತುಂಬುವುದರೊಳಗೆ ವಿಧವೆಯಾದರು. ಕೈಯಲ್ಲಿ ಮನೋರಮೆಯೆಂಬ ಹಸುಗೂಸು.

1883ರಲ್ಲಿ ಅವರು ವೈದ್ಯವಿದ್ಯೆಯನ್ನು ಕಲಿಯುವ ಆಸೆಯಿಂದ ಇಂಗ್ಲೆಂಡಿಗೆ ಹೋದರು. ಕಿವಿಯ ಮಾಂದ್ಯದಿಂದ ಆ ಆಸೆಯು ಕೈಗೂಡಲಿಲ್ಲ. ವಾಂಟೇಜಿನ ಕನ್ಯಾಮಠದಲ್ಲಿದ್ದುಕೊಂಡು ಆ ವರ್ಷದ ಸೆಪ್ಟೆಂಬರ್ 29ರಲ್ಲಿ ಮಗಳೊಡನೆ ದೀಕ್ಷಾಸ್ನಾನವನ್ನು ಹೊಂದಿದರು. ಇನ್ನು ತನಗೊಂದು ಮನೆಯೂ ಬಂಧುಬಳಗವೂ ದೊರೆತವೆಂದು ಅವರಿಗೆ ತೋರಿದ್ದರೆ ಆಶ್ಚರ್ಯವಿಲ್ಲ. ತಾಯ್ನಾಡಿನಲ್ಲಿಯೋ ಸ್ವಜನರು ಅವರನ್ನು ತೊರೆದಿದ್ದರು.

ಕಷ್ಟವು ಮೊದಲಾದುದು ಇಲ್ಲಿಯೇ. ಮಠದ ಸಹೋದರಿ ಜೆರಾಲ್ಡೀನರು ರಮಾಬಾಯಿಯವರನ್ನು ಮಗಳಂತೆ ಪ್ರೀತಿಸಿದವರು. ಅವರ ಪತ್ರಗಳನ್ನು ಜೋಪಾನವಾಗಿ ಕಾಪಾಡಿ ನಮಗೆ ಉಳಿಸಿದವರೂ ಇವರೇ. ಆದರೆ ಮಗಳು ಎಲ್ಲದರಲ್ಲಿಯೂ ತಮ್ಮಂತೆಯೇ ಆಗಬೇಕೆಂಬುದು ಅವರ ಬಯಕೆಯಾಗಿತ್ತು. ರಮಾಬಾಯಿಯವರು ಮಾಂಸ, ಮೀನು, ಮೊಟ್ಟೆಗಳನ್ನು ಮುಟ್ಟಲಿಲ್ಲ. ಇದು ಬಿಡದೆ ಉಳಿದ ಜಾತಿಗರ್ವವೆಂದು ಸಹೋದರಿಯವರು ನೊಂದುಕೊಂಡರು. ಹಿರಿಯರು ಧರಿಸಬೇಕೆಂದ ಶಿಲುಬೆಯಲ್ಲಿ ಲ್ಯಾಟಿನ್ ಅಕ್ಷರಗಳಿದ್ದುವು. ಶಿಲುಬೆಗೆ ರಮಾಬಾಯಿಯವರ ಅಡ್ಡಿಯಿರಲಿಲ್ಲ. ತಮ್ಮ ದೇಶದವರು ಅರಿಯದ ಲ್ಯಾಟಿನಿಗೆ ಬದಲಾಗಿ ಸಂಸ್ಕೃತದಲ್ಲಿ ಬರೆಯಿಸಬಾರದೇಕೆಂದು ಕೇಳಿದರು. ಚೆಲ್ಟನ್‌ಹ್ಯಾಮಿನ ಸ್ತ್ರೀವಿದ್ಯಾಲಯದಲ್ಲಿರುವಾಗ ತರುಣರಿಗೂ ಪಾಠ ಹೇಳುವ ಪ್ರಸ್ತಾಪ ಬಂದಿತು. ಹಿಂದೂದೇಶದ ಸ್ತ್ರೀಗೆ ಅದು ತರವಲ್ಲವೆಂದು ಬಿಷಪ್ಪರು ಆಕ್ಷೇಪಿಸಿದರು. ಪಂಡಿತರ ಸಭೆಗಳಲ್ಲಿ ನಿಂತು ಮಾತನಾಡಿದ ಸ್ತ್ರೀಗೆ ಈ ಉಪದೇಶವು ಎಷ್ಟು ವಿಚಿತ್ರವಾಗಿ ಕೇಳಿಸಿರಬೇಕು! ತ್ರಿಯೇಕತ್ವವೇ ಮೊದಲಾದ ಉಪದೇಶಗಳನ್ನು ಸಹ ಅವರು ಮನಸ್ಸಿಗೆ ಒಪ್ಪಿಗೆಯಾಗುವ ಮೊದಲು ಬಾಯಿಂದ ಒಪ್ಪಿಕೊಳ್ಳಲಿಲ್ಲ. ಅನ್ನವೂ ಆಶ್ರಯವೂ ಆ ಮಠದಿಂದಲೇ ದೊರೆಯುತ್ತಿದ್ದ ಕಾಲದಲ್ಲಿ ಈ ಮಾತುಗಳನ್ನು ಆಡಿದರೆಂಬುದನ್ನು ನಾವು ಮರೆಯಲಾಗದು. ಊಟದ ಎಲೆಯ ಮುಂದೆ ಕುಳಿತು ಬಡಿಸುವವರೊಡನೆ ವಾದಿಸುವುದು ಸುಲಭವಲ್ಲ.

1886ರಲ್ಲಿ ಆನಂದಿಬಾಯಿ ಜೋಶಿಯವರು ವೈದ್ಯಪದವಿಯನ್ನು ಹೊಂದುವ ಸಮಾರಂಭಕ್ಕಾಗಿ ಅಮೆರಿಕಕ್ಕೆ ಹೋದರು. ಮೇಲ್ಜಾತಿಯ ಹಿಂದೂ ಸ್ತ್ರೀಯರ ದುಸ್ಥಿತಿಯನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥ ಬರೆದು, ಸಹಾಯದ್ರವ್ಯವನ್ನು ಕೂಡಿಸಿ, 1889ರ ಮಾರ್ಚ್ 11ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಬಂದಿತು. ಅಲ್ಲಿ ಬಾಲವಿಧವೆಯರು ತಮ್ಮ ಜಾತಿಯ ಆಚಾರಗಳನ್ನು ಬಿಡಬೇಕಾಗಿರಲಿಲ್ಲ. ಮತಬೋಧೆಯು ಪಾಠಕ್ರಮದಲ್ಲಿ ಇರಲಿಲ್ಲ. ತಮಗೆ ವಾಂಟೇಜಿನಲ್ಲಿ ದೊರೆಯದುದನ್ನು ಈ ಹುಡುಗಿಯರಿಗೆ ದೊರಕಿಸಿದರೆಂದು ನನಗೆ ತೋರುವುದು.

ಆದರೂ ವಿಪತ್ತು ಬಂದಿತು. ರಮಾಬಾಯಿಯವರು ತಮ್ಮ ಕೋಣೆಯ ಬಾಗಿಲನ್ನು ತೆರೆದಿಟ್ಟು ಪ್ರಾರ್ಥಿಸುವರು. ಕೆಲವು ಹುಡುಗಿಯರು ಬಂದು ಕುಳಿತುಕೊಳ್ಳುವರು. ಇವರನ್ನು ತಡೆಯಬೇಕೆಂದು ಹಿತೈಷಿಗಳು ಕೇಳಿದರು. ರಮಾಬಾಯಿಯವರು ಒಪ್ಪಲಿಲ್ಲ. 1893ರಲ್ಲಿ ರಾನಡೆ, ಭಂಡಾರಕರರಂಥ ಗಣ್ಯರು ಸಲಹಾಸಮಿತಿಯನ್ನು ಬಿಟ್ಟರು. ಪೋಷಕರು ಅನೇಕ ಹುಡುಗಿಯರನ್ನು ಕರೆದೊಯ್ದರು. ಪೋಷಕರ ದೂರು ಬರಿದೇ ದ್ವೇಷದಿಂದ ಹುಟ್ಟಿತೆನ್ನಲಾಗದು: ನಂಬಿ ಕಳುಹಿಸಿದ ಮಕ್ಕಳು ಬೇರೆಯಾಗಿ ಮರಳುವರೆಂಬ ಭಯವು ಅವರಿಗಿತ್ತು. ಇತ್ತ ಬಾಗಿಲು ಮುಚ್ಚಿ ಪ್ರಾರ್ಥಿಸುವುದು ರಮಾಬಾಯಿಯವರಿಗೆ ತಮ್ಮನ್ನೇ ಮರೆಮಾಚಿದಂತೆ. ಎರಡು ಕಡೆಯ ನೋವೂ ನಿಜವಾಗಿತ್ತು. ಪುಣೆಯ ವಿದ್ವನ್ಮಂಡಲಿಯ ಸ್ನೇಹವು ಹೋಯಿತು, ಬಾಗಿಲು ಮಾತ್ರ ತೆರೆದೇ ಇತ್ತು.

ಮುಂದೆ ಕೇಡಗಾಂವಿನಲ್ಲಿ ಕೊಂಡ ಹೊಲದಲ್ಲಿ ಮುಕ್ತಿಸದನವು ಬೆಳೆಯಿತು. 1896–97ರ ಕ್ಷಾಮದಲ್ಲಿಯೂ ಅನಂತರದ ಕ್ಷಾಮದಲ್ಲಿಯೂ ಅವರು ನೂರಾರು ಅನಾಥೆಯರನ್ನು ಕರೆತಂದರು. ಹಸಿವೆಂದರೇನೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ನಮ್ಮ ಗುಲ್ಬರ್ಗದಲ್ಲಿಯೂ ಒಂದು ಶಾಲೆಯನ್ನು ಸ್ಥಾಪಿಸಿದರು. ಕೊನೆಯವರೆಗೂ ಬಿಳಿಯ ಸೀರೆಯನ್ನೇ ಉಟ್ಟರು. ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು, ಸಾಮಾನ್ಯ ಸ್ತ್ರೀಯರಿಗೆ ತಿಳಿಯುವ ಮರಾಠಿಯಲ್ಲಿ ಸತ್ಯವೇದವನ್ನು ಭಾಷಾಂತರಿಸುವ ಕಾರ್ಯಕ್ಕೆ ಕೈಹಾಕಿದರು. 1921ರಲ್ಲಿ ಮನೋರಮೆಯು ತೀರಿಕೊಂಡಳು. ತಾಯಿಯು ಕೆಲಸವನ್ನು ನಿಲ್ಲಿಸದೆ ಭಾಷಾಂತರವನ್ನು ಮುಗಿಸಿ 1922ರ ಏಪ್ರಿಲ್ 5ರಲ್ಲಿ ಕಣ್ಮುಚ್ಚಿದರು. ಅದು ಮುದ್ರಿತವಾದುದು ಮುಕ್ತಿಸದನದ ಅಚ್ಚುಕೂಟದಲ್ಲಿ. ಮೊಳೆಗಳನ್ನು ಜೋಡಿಸಿದವರು ಅಲ್ಲಿ ಬೆಳೆದ ಹೆಣ್ಣುಮಕ್ಕಳೇ.