ರಾಣಿ ಅಬ್ಬಕ್ಕನ ಚರಿತ್ರೆ ಬರೆದವರು ಯಾರು?



ಮೂಡುಬಿದಿರೆಯ ಚೌಟರ ಅರಮನೆಯನ್ನು ನೀವು ನೋಡಿರಬಹುದು. ಉಳ್ಳಾಲವನ್ನು ಆಳಿದ ರಾಣಿ ಅಬ್ಬಕ್ಕ ಇದೇ ಜೈನ ಮನೆತನದವಳು. ಅಳಿಯಸಂತಾನ ಪದ್ಧತಿಯಿದ್ದುದರಿಂದ ಹೆಣ್ಣಿಗೂ ಪಟ್ಟವಾಯಿತು. ಬೆಳ್ತಂಗಡಿ ತಾಲೂಕಿನ ಬಂಗಾಡಿ ಮೂಲದ ಬಂಗರಸರಲ್ಲಿ ಒಬ್ಬನನ್ನು ಮದುವೆಯಾದಳು. ಆ ಸಂಬಂಧ ಉಳಿಯಲಿಲ್ಲ.

ಪೋರ್ಚುಗೀಸರು ಕಪ್ಪ ಕೇಳಿದರು, ತಮ್ಮ ರಹದಾರಿ ಇಲ್ಲದೆ ಹಡಗು ಹೊರಡಬಾರದೆಂದರು. ಉಳ್ಳಾಲ ಒಪ್ಪಲಿಲ್ಲ. 1568ರಲ್ಲಿ ಅವರು ಯುದ್ಧ ಮಾಡಿ ಮಂಗಳೂರಿನಲ್ಲಿ ಕೋಟೆ ಕಟ್ಟಿದರು. ಕಲ್ಲಿಕೋಟೆಯ ಸಾಮೂದಿರಿಯ ನಾವಿಕ ಕುಟ್ಟಿ ಪೋಕರ್ ಮರಕ್ಕಾರ್ ರಾಣಿಯ ಪರವಾಗಿ ಆ ಕೋಟೆಗೆ ದಾಳಿಯಿಟ್ಟು, ಮರಳುವಾಗ ಕಡಲಿನಲ್ಲೇ ಮಡಿದನು.

ವಿಚಿತ್ರವೆಂದರೆ, ಈ ಯುದ್ಧಗಳನ್ನು ಬರೆದಿಟ್ಟವರು ಹೆಚ್ಚಾಗಿ ಶತ್ರುಗಳೇ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಉಳ್ಳಾಲದ ರಾಣಿಯನ್ನು ಕಣ್ಣಾರೆ ಕಂಡನು. ಸಿಂಹಾಸನದಲ್ಲಲ್ಲ, ಬರಿಗಾಲಿನಲ್ಲಿ, ಓಲೆಯ ಕೊಡೆಯ ನೆರಳಲ್ಲಿ, ಕಾಲುವೆ ತೋಡುವ ಕೆಲಸ ನೋಡಲು ಆಕೆ ಹೊರಟಿದ್ದಳು! ವಯಸ್ಸು ಸುಮಾರು 40 ಎಂದು ಅವನ ಅಂದಾಜು. ಲೆಕ್ಕ ಹಾಕಿ ನೋಡಿ: 1568ರಲ್ಲಿ ಈಕೆ ಹುಟ್ಟಿರಲೇ ಇಲ್ಲ. ಉಳ್ಳಾಲದಲ್ಲಿ ಒಬ್ಬರಿಗಿಂತ ಹೆಚ್ಚು ಅಬ್ಬಕ್ಕರು ಆಳಿದರೆಂದು ವಿದ್ವಾಂಸರು ಹೇಳುವುದು ಇದರಿಂದಲೇ.

ಜನಪ್ರಿಯ ಚರಿತ್ರೆಗಳು ಇವರೆಲ್ಲರನ್ನೂ ಕತ್ತಿ ಹಿಡಿದ ಒಬ್ಬಳೇ ವೀರರಾಣಿಯಾಗಿಸಿವೆ. ದೇಶಕ್ಕೆ ಬೇಕಾದದ್ದು ಆ ಚಿತ್ರ; 2003ರಲ್ಲಿ ಅಂಚೆ ಇಲಾಖೆಯ ವಿಶೇಷ ಲಕೋಟೆ ಬಂತು, 2012ರಲ್ಲಿ ಕರಾವಳಿ ಕಾವಲು ಪಡೆಯ ಹಡಗಿಗೆ ಆಕೆಯ ಹೆಸರಾಯಿತು. ಸಂತೋಷವೇ. ಆದರೆ ಕಾಲುವೆಯ ಬಳಿ ನಿಂತ ರಾಣಿಯನ್ನೂ ಮರಕ್ಕಾರನನ್ನೂ ಬಿಟ್ಟು ಬರೆದರೆ ಆ ಚರಿತ್ರೆ ನನಗೆ ಅರ್ಧವೆನಿಸುತ್ತದೆ. ಬಂಟ್ವಾಳದಲ್ಲಿ ಆಕೆಯ ಹೆಸರಿನದೇ ತುಳು ಅಧ್ಯಯನ ಕೇಂದ್ರವಿದೆ. ರಜೆಯಲ್ಲಿ ಒಮ್ಮೆ ಹೋಗಿ ಬನ್ನಿ.